ಕಾನ್‌ಫ್ಲಿಕ್ಟ್ ಬರಲಿಲ್ಲ ಅಂದರೆ ಎಲ್ಲ ಸರಿಯಾಗಿದೆ ಅಂತಲೇ?

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಎರಡು ಕವಲಾಗುತ್ತಾಳೆ. ಊರನ್ನು ಎರಡೂ ಕಡೆಯಿಂದ ಬಳಸಿಕೊಂಡು ಹೋಗಿ, ಗಂಜಾಂ ದಾಟಿದ ಮೇಲೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಅಲ್ಲಿ ಮುಳುಗು ಹಾಕುವವರು ಯಾರೂ ಈ ಬೊಗಸೆಯ ನೀರು ಯಾವ ಕವಲಿನದು ಅಂತ ಕೇಳುವುದಿಲ್ಲ. ನೀರು ನೀರಿಗೆ ಸೇರಿತು, ಅಷ್ಟೇ.

ಬರಹಕ್ಕೆ ಈ ಅನುಕೂಲ ಇಲ್ಲ. ಒಂದೇ ಕಡತವನ್ನು ಇಬ್ಬರು ಬೇರೆ ಬೇರೆ ಊರಲ್ಲಿ ಕೂತು ತಿದ್ದಿ ಆಮೇಲೆ ಒಂದು ಮಾಡಬೇಕಾದಾಗ, ಪ್ರತಿಯೊಂದು ಸಾಲಿಗೂ ‘ಯಾರದ್ದು ಉಳಿಯಬೇಕು?’ ಎಂಬ ಪ್ರಶ್ನೆ ಏಳುತ್ತದೆ. ಈ ಕೆಲಸವನ್ನು ಕಂಪ್ಯೂಟರಿಗೆ ಬಿಡುವ ತಂತ್ರಾಂಶಗಳಿಗೆ ವರ್ಷನ್ ಕಂಟ್ರೋಲ್ ಅನ್ನುತ್ತಾರೆ. ಅವುಗಳಲ್ಲಿ ಇವತ್ತು ಎಲ್ಲರೂ ಬಳಸುವುದು ಗಿಟ್. ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ ಅವರೇ 2005ರಲ್ಲಿ ಇದನ್ನೂ ಬರೆದರು. ಎಂಜಿನಿಯರಿಂಗ್ ಓದುವ ಮಕ್ಕಳು ಮೊದಲ ಪ್ರಾಜೆಕ್ಟಿಗೇ ಇದನ್ನು ಕಲಿಯುತ್ತಾರೆ. ಕಲಿಯುವಾಗಲೇ ಎರಡು ನಂಬಿಕೆಗಳೂ ತಲೆಗೆ ಹತ್ತುತ್ತವೆ: ಕಾನ್‌ಫ್ಲಿಕ್ಟ್ ಬಂದರೆ ಏನೋ ಎಡವಟ್ಟಾಗಿದೆ, ಬರಲಿಲ್ಲ ಅಂದರೆ ಎಲ್ಲ ಸರಿಯಾಗಿ ಕೂಡಿಕೊಂಡಿದೆ. ಎರಡೂ ತಪ್ಪು. ಮೊದಲನೆಯದರಿಂದ ಆಗುವುದು ಬರೀ ಗಾಬರಿ. ಎರಡನೆಯದರಿಂದ ಯಾರದೋ ಒಂದು ತಿಂಗಳ ಕೆಲಸ ಸದ್ದಿಲ್ಲದೆ ಹೋಗಬಹುದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ — ಈ ನಾಲ್ಕು ತಾಲ್ಲೂಕಿನ ನಾಲ್ವರು ಗೆಳೆಯರು ತಮ್ಮ ಸೀಮೆಯ ಊರುಗಳ ಬಗ್ಗೆ ಒಂದು ಸಂಗ್ರಹ ಮಾಡಲು ಹೊರಟಿದ್ದಾರೆ ಅಂದುಕೊಳ್ಳಿ. ಊರಿನ ಹಳೆಯ ಹೆಸರು, ಕೆರೆ, ಗುಡಿ, ಜಾತ್ರೆ, ನೀರಿನ ಮಟ್ಟದ ಲೆಕ್ಕ, ಹೀಗೆ. ತಾಲ್ಲೂಕಿಗೊಂದು ಕಡತ. ನಾಲ್ವರೂ ಗಿಟ್‌ನಲ್ಲಿ ತಂತಮ್ಮ ಬ್ರಾಂಚ್ ಮಾಡಿಕೊಂಡು ಬರೆಯುತ್ತಾರೆ. ಬ್ರಾಂಚ್ ಅಂದರೆ ಇಲ್ಲಿ ಮರದ ಕೊಂಬೆಯಲ್ಲ, ನದಿಯ ಕವಲು. ಕೊಂಬೆ ಕವಲೊಡೆದ ಮೇಲೆ ಮತ್ತೆ ಕೂಡುವುದಿಲ್ಲ, ಈ ಬ್ರಾಂಚುಗಳು ಕೂಡಲೇಬೇಕು. ಹಾಗೆ ಕೂಡಿಸುವುದೇ ಮರ್ಜ್.

ಈಗ ಪಾಂಡವಪುರದ ಕಡತದಲ್ಲಿ ಒಂದು ಸಾಲು ಇಬ್ಬರಲ್ಲಿ ಬೇರೆ ಬೇರೆಯಾಗಿದೆ. ಒಬ್ಬಳ ಪ್ರತಿಯಲ್ಲಿ ಊರಿನ ಹಳೆಯ ಹೆಸರು ‘ಫ್ರೆಂಚ್ ರಾಕ್ಸ್, ಹಿರೋಡೆ’ ಅಂತಿದೆ. ಇನ್ನೊಬ್ಬನ ಪ್ರತಿಯಲ್ಲಿ ಬರೀ ‘ಫ್ರೆಂಚ್ ರಾಕ್ಸ್’ ಅಂತಿದೆ. ಹೈದರ್ ಮತ್ತು ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡು ಬಿಟ್ಟಿದ್ದರಿಂದ ಬಂದ ಹೆಸರು ಅದು. ಯಾವ ಸಾಲು ಉಳಿಯಬೇಕು? ಎರಡನ್ನೇ ಮುಂದಿಟ್ಟುಕೊಂಡರೆ ಹೇಳಲು ಆಗುವುದಿಲ್ಲ. ಗೆಳತಿ ‘ಹಿರೋಡೆ’ಯನ್ನು ಹೊಸದಾಗಿ ಸೇರಿಸಿದಳೋ, ಮೊದಲೇ ಇದ್ದದ್ದನ್ನು ಗೆಳೆಯ ಬೇಕೆಂದೇ ತೆಗೆದನೋ? ಎರಡು ಪ್ರತಿ ನೋಡಿದರೆ ವ್ಯತ್ಯಾಸ ಮಾತ್ರ ಗೊತ್ತಾಗುತ್ತದೆ, ಬದಲಾಯಿಸಿದ್ದು ಯಾರು ಅಂತ ಗೊತ್ತಾಗುವುದಿಲ್ಲ.

ಹಸ್ತಪ್ರತಿ ಸಂಪಾದನೆ ಮಾಡುವವರಿಗೆ ಇದು ಹೊಸ ಸಮಸ್ಯೆಯೇನಲ್ಲ. ಇದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನ ಸಂಸತ್ತು ಓಲೆಗರಿಗಳನ್ನು ಕೂಡಿಟ್ಟಿದೆ. ಅಂಥ ಎರಡು ಓಲೆಪ್ರತಿಗಳಲ್ಲಿ ಪಾಠ ಬೇರೆಯಿದ್ದರೆ ಸಂಪಾದಕರು ಕೇಳುವ ಮೊದಲ ಪ್ರಶ್ನೆ, ಇವೆರಡಕ್ಕೂ ಮೂಲವಾದ ಪ್ರತಿ ಯಾವುದು ಅನ್ನುವುದು. ಆ ಮಾತೃಪ್ರತಿ ಬಹಳ ಸಲ ಕಳೆದೇ ಹೋಗಿರುತ್ತದೆ, ಊಹಿಸಬೇಕು. ಗಿಟ್‌ನ ಪುಣ್ಯ ಏನೆಂದರೆ ಅದು ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಂಡಿರುತ್ತದೆ. ಎರಡು ಕವಲು ಬೇರೆಯಾದ ಜಾಗಕ್ಕೆ ಹೋಗಿ, ಅಲ್ಲಿದ್ದ ಪ್ರತಿಯನ್ನು ‘ಮೂಲ’ ಅಂತ ಹಿಡಿದು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಇದಕ್ಕೆ ಮೂರು ದಾರಿಯ ಮರ್ಜ್ ಅನ್ನುತ್ತಾರೆ. 1979ರ ಯುನಿಕ್ಸ್‌ನಲ್ಲೇ ಡಿಫ್3 ಎಂಬ ಚಿಕ್ಕ ಸಾಧನ ಈ ಕೆಲಸ ಮಾಡುತ್ತಿತ್ತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇಬ್ಬರು ಒಂದೇ ಪುಟವನ್ನು ಒಟ್ಟಿಗೆ ತಿದ್ದಿದಾಗ ಹಿಂದೆ ನಡೆಯುವುದೂ ಅದೇ ಲೆಕ್ಕ.

ಲೆಕ್ಕ ಬಹಳ ಸರಳ. ಮೂಲಕ್ಕೆ ಹೋಲಿಸಿದರೆ ಒಂದು ಕವಲು ಮಾತ್ರ ಸಾಲನ್ನು ಬದಲಾಯಿಸಿದೆಯೇ? ಆ ಬದಲಾವಣೆ ಉಳಿಯಲಿ. ಎರಡೂ ಕವಲು ಒಂದೇ ರೀತಿ ಬದಲಾಯಿಸಿವೆಯೇ? ಸರಿ, ಅದೇ ಇರಲಿ. ಎರಡೂ ಬೇರೆ ಬೇರೆ ರೀತಿ ಬದಲಾಯಿಸಿವೆಯೇ? ಆಗ ಗಿಟ್ ಕೈಯೆತ್ತುತ್ತದೆ: ‘ನನಗೆ ಗೊತ್ತಿಲ್ಲ, ನೀವೇ ಹೇಳಿ.’ ಅದೇ ಕಾನ್‌ಫ್ಲಿಕ್ಟ್. ಅಕ್ಕಪಕ್ಕದ ಸಾಲುಗಳನ್ನು ಇಬ್ಬರು ಮುಟ್ಟಿದ್ದರೂ ಅದು ಹೀಗೇ ಕೇಳುತ್ತದೆ. ಅದು ದೋಷವಲ್ಲ, ಪ್ರಾಮಾಣಿಕತೆ. ತನಗೆ ತಿಳಿಯದ್ದನ್ನು ತಿಳಿಯದು ಅಂತ ಹೇಳುವ ತಂತ್ರಾಂಶ ಸಿಗುವುದು ಕಷ್ಟ. ಸಿಕ್ಕಿದಾಗ ಅದರ ಬಾಯಿ ಮುಚ್ಚಿಸುವ ಸೆಟ್ಟಿಂಗ್ ಹುಡುಕುವುದು ನಮ್ಮ ಅಭ್ಯಾಸ.

ಆದರೆ ಗಮನಿಸಿ, ಈ ಲೆಕ್ಕದಲ್ಲಿ ಅರ್ಥಕ್ಕೆ ಜಾಗವೇ ಇಲ್ಲ. ಗಿಟ್ ನೋಡುವುದು ಸಾಲುಗಳನ್ನು ಮಾತ್ರ. ಎಡವಟ್ಟು ಎಲ್ಲಿ ಆಗುತ್ತದೆ ಅಂತ ಈಗ ನೋಡಿ.

ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ ಕನ್ನಂಬಾಡಿ ಕಟ್ಟೆ ಇದೆ, ಅಂದರೆ ಕೆ.ಆರ್.ಎಸ್. ಮಂಡ್ಯ ಜಿಲ್ಲೆಯಲ್ಲಿ ಬೆಳೆದ ಯಾರಿಗಾದರೂ 124.80 ಅನ್ನುವ ಸಂಖ್ಯೆ ಬಾಯಿಪಾಠ. ಅಣೆಕಟ್ಟು ತುಂಬಿತು ಅನ್ನುವ ಅಡಿಯ ಲೆಕ್ಕ ಅದು. ನಮ್ಮ ಗೆಳೆಯರು ತಿಂಗಳಿಗೊಂದು ಕಡತ ಮಾಡಿ ದಿನದಿನದ ಮಟ್ಟ ಬರೆದಿಡುತ್ತಿದ್ದಾರೆ ಅಂದುಕೊಳ್ಳಿ. ಶ್ರೀರಂಗಪಟ್ಟಣದವನಿಗೆ ಒಂದು ದಿನ ‘ಎಲ್ಲ ಮೀಟರಿನಲ್ಲಿ ಇರಲಿ’ ಅನ್ನಿಸಿತು. ತನ್ನ ಕವಲಿನಲ್ಲಿ ಜುಲೈವರೆಗಿನ ಎಲ್ಲ ಕಡತಗಳನ್ನೂ ಮೀಟರಿಗೆ ಬದಲಾಯಿಸಿದ. 124.80 ಇದ್ದದ್ದು 38.04 ಆಯಿತು. ಗ್ರಾಫ್ ಬರೆಯುವ ಪುಟ್ಟ ಪ್ರೋಗ್ರಾಮಿನಲ್ಲೂ ‘ಅಡಿ’ ಇದ್ದ ಕಡೆ ‘ಮೀಟರ್’ ಅಂತ ಹಾಕಿದ. ಅದೇ ವಾರ ನಾಗಮಂಗಲದ ಗೆಳತಿ ತನ್ನ ಕವಲಿನಲ್ಲಿ ಆಗಸ್ಟ್ ತಿಂಗಳ ಹೊಸ ಕಡತ ಸೇರಿಸಿದಳು, ಎಂದಿನ ಹಾಗೆ ಅಡಿಯಲ್ಲಿ. ಇಬ್ಬರೂ ತಪ್ಪು ಮಾಡಿಲ್ಲ. ಇಬ್ಬರೂ ಒಂದೇ ಕಡತವನ್ನು ಮುಟ್ಟಿಲ್ಲ. ಮರ್ಜ್ ಮಾಡಿದರೆ ಒಂದೇ ಒಂದು ಕಾನ್‌ಫ್ಲಿಕ್ಟ್ ಇಲ್ಲ. ಗಿಟ್ ನಗುನಗುತ್ತಾ ಕೂಡಿಸಿಬಿಡುತ್ತದೆ. ಗ್ರಾಫ್ ತೆರೆದು ನೋಡಿದರೆ ಜುಲೈ 31ಕ್ಕೆ 38 ಮೀಟರ್ ಇದ್ದ ನೀರು ಆಗಸ್ಟ್ 1ಕ್ಕೆ 124 ಮೀಟರ್! ಅಂದರೆ 400 ಅಡಿಗೂ ಮೇಲೆ. ಅಷ್ಟು ನೀರು ನಿಂತರೆ ಗ್ರಾಫ್ ನೋಡಲು ಶ್ರೀರಂಗಪಟ್ಟಣದಲ್ಲಿ ಯಾರೂ ಉಳಿದಿರುವುದಿಲ್ಲ.

ಇದು ಕಣ್ಣಿಗೆ ಹೊಡೆಯುವ ತಪ್ಪು, ಆದ್ದರಿಂದ ಸಿಕ್ಕಿಬಿತ್ತು. ತಿಂಗಳ ಸರಾಸರಿಯನ್ನು ಮಾತ್ರ ತೋರಿಸುವ, ಹತ್ತಾರು ಕೆರೆಗಳ ಅಂಕಿ ಕೂಡಿಸುವ ಪಟ್ಟಿಯಲ್ಲಿ ಇದೇ ತಪ್ಪು ವರ್ಷಗಟ್ಟಲೆ ಅಡಗಿ ಕೂರಬಹುದು. ಮರ್ಜ್‌ನ ಯಾವ ಸೆಟ್ಟಿಂಗೂ ಇದನ್ನು ಹಿಡಿಯುವುದಿಲ್ಲ. ಹಿಡಿಯಬಲ್ಲದ್ದು ಮರ್ಜ್ ಆದ ಮೇಲೆ ಓಡಿಸುವ ಪರೀಕ್ಷೆ ಒಂದೇ. ‘ಯಾವ ದಿನದ ಮಟ್ಟವೂ 38.04 ಮೀಟರಿಗಿಂತ ಹೆಚ್ಚು ಮೇಲೆ ಇರಬಾರದು’ ಅನ್ನುವ ಎರಡು ಸಾಲಿನ ಪರೀಕ್ಷೆ ಸಾಕಿತ್ತು. ಪ್ರತಿ ಕವಲಿನಲ್ಲೂ ಬೇರೆ ಬೇರೆಯಾಗಿ ಪರೀಕ್ಷೆ ಪಾಸಾಗಿದೆ ಅನ್ನುವುದು ಇಲ್ಲಿ ಸಾಲದು. ಎರಡೂ ಕವಲು ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದವು, ತಪ್ಪು ಹುಟ್ಟಿದ್ದು ಸಂಗಮದಲ್ಲಿ.

ಈ ಲೆಕ್ಕಕ್ಕೆ ಇನ್ನೂ ಒಂದು ಕುರುಡಿದೆ. ಅದು ಮೂಲವನ್ನೂ ಎರಡು ತುದಿಗಳನ್ನೂ ನೋಡುತ್ತದೆ, ನಡುವೆ ಏನು ನಡೆಯಿತು ಅಂತ ನೋಡುವುದಿಲ್ಲ. ಒಂದು ತಿದ್ದುಪಡಿಯನ್ನು ಎರಡೂ ಕವಲಿನಲ್ಲಿ ಮಾಡಿದ್ದೀರಿ. ಆಮೇಲೆ ಅದು ತಪ್ಪು ಅಂತ ಗೊತ್ತಾಗಿ ಒಂದು ಕವಲಿನಲ್ಲಿ ಹಿಂದಕ್ಕೆ ತೆಗೆದಿರಿ. ಮರ್ಜ್ ಮಾಡಿದರೆ ಆ ತಪ್ಪು ಮತ್ತೆ ಹಾಜರ್! ಹಿಂದಕ್ಕೆ ತೆಗೆದ ಕವಲು ಮೂಲದ ಹಾಗೇ ಕಾಣುತ್ತದೆ, ಅಂದರೆ ‘ಏನೂ ಬದಲಾಗಿಲ್ಲ’. ಇನ್ನೊಂದು ಕವಲು ‘ಬದಲಾಗಿದೆ’. ಬದಲಾದದ್ದು ಗೆಲ್ಲುತ್ತದೆ. ದೂರ ದೂರದ ಸಾಲುಗಳನ್ನು ತಿದ್ದಿದರೆ ಎಂದೂ ತಕರಾರು ಬರುವುದಿಲ್ಲ ಅನ್ನುವ ಸಾಮಾನ್ಯ ತಿಳಿವಳಿಕೆಯೂ ಯಾವಾಗಲೂ ನಿಲ್ಲುವುದಿಲ್ಲ ಅಂತ ಸಂಜೀವ್ ಖನ್ನಾ, ಕೇಶವ್ ಕುನಾಲ್ ಮತ್ತು ಬೆಂಜಮಿನ್ ಪಿಯರ್ಸ್ 2007ರಲ್ಲಿ ಡಿಫ್3 ಬಗ್ಗೆ ಬರೆದ ಪ್ರಬಂಧದಲ್ಲಿ ತೋರಿಸಿದ್ದಾರೆ. ಒಂದೇ ಥರದ ಸಾಲುಗಳು ಮತ್ತೆ ಮತ್ತೆ ಬರುವ ಕಡತಗಳಲ್ಲಿ ಯಾವ ಸಾಲು ಯಾವುದಕ್ಕೆ ಜೋಡಿ ಅನ್ನುವುದೇ ಗೊಂದಲವಾಗುತ್ತದೆ.

ಹಾಗಾದರೆ ಸೆಟ್ಟಿಂಗ್‌ಗಳಿಂದ ಏನು ಪ್ರಯೋಜನ? ಕಾನ್‌ಫ್ಲಿಕ್ಟ್ ಬಂದಾಗ ನಮಗೆ ಎಷ್ಟು ವಿಷಯ ಕಾಣಬೇಕು, ಎಲ್ಲಿ ಕೇಳಬೇಕು, ಎಲ್ಲಿ ಕೇಳದೆ ಮುಂದೆ ಹೋಗಬಹುದು ಅನ್ನುವುದನ್ನು ಅವು ತೀರ್ಮಾನಿಸುತ್ತವೆ. ಎಲ್ಲಕ್ಕಿಂತ ಉಪಯೋಗದ್ದು ಮೊದಲು ಹೇಳುತ್ತೇವೆ. ಅದರ ಹೆಸರು ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್.

ಮಾಮೂಲಾಗಿ ಕಾನ್‌ಫ್ಲಿಕ್ಟ್ ಬಂದಾಗ ಗಿಟ್ ಕಡತದಲ್ಲಿ ಎರಡು ತುಂಡು ತೋರಿಸುತ್ತದೆ, ನಮ್ಮದು ಮತ್ತು ಅವರದು. ಮರ್ಜ್ ಮಾಡುವಾಗ ಮೂರನೆಯ ಪ್ರತಿಯನ್ನೂ ನೋಡಿದ್ದ ಗಿಟ್, ನಮಗೆ ಕೇಳುವ ಹೊತ್ತಿಗೆ ಅದನ್ನು ಅಡಗಿಸಿಡುತ್ತದೆ! ‘ಹಿರೋಡೆ’ಯನ್ನು ಸೇರಿಸಿದರೋ ತೆಗೆದರೋ ಅಂತ ಊಹಿಸುವ ಕೆಲಸ ಮತ್ತೆ ನಮ್ಮ ತಲೆಗೆ. ಈ ಸೆಟ್ಟಿಂಗನ್ನು ‘ಡಿಫ್3’ ಅಥವಾ 2022ರ ಜನವರಿಯಲ್ಲಿ ಗಿಟ್ 2.35ರ ಜೊತೆ ಬಂದ ‘ಝಡ್‌ಡಿಫ್3’ ಅಂತ ಇಟ್ಟರೆ ಮೂಲವೂ ಕಾಣುತ್ತದೆ:

<<<<<<< ನಮ್ಮದು
ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್, ಹಿರೋಡೆ ಎಂಬ ಹೆಸರುಗಳಿದ್ದವು.
||||||| ಮೂಲ
ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು.
=======
ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು.
>>>>>>> ಅವರದು

ಈಗ ಒಂದೇ ನೋಟಕ್ಕೆ ತಿಳಿಯಿತು. ನಮ್ಮವಳು ಹಿರೋಡೆ ಸೇರಿಸಿದಳು, ಅವನು ಕಾಲ ಸೇರಿಸಿದ, ಯಾರೂ ಏನನ್ನೂ ತೆಗೆದಿಲ್ಲ. ಎರಡನ್ನೂ ಉಳಿಸಿ ಒಂದು ವಾಕ್ಯ ಬರೆದರೆ ಮುಗಿಯಿತು. ನಡುವಿನ ತುಂಡು ಇಲ್ಲದಿದ್ದರೆ ಹತ್ತರಲ್ಲಿ ಎಂಟು ಜನ ಯಾವುದೋ ಒಂದನ್ನು ಆರಿಸಿ ಇನ್ನೊಂದನ್ನು ಅಳಿಸುತ್ತಾರೆ ಅನ್ನುವುದು ನಮ್ಮ ಗುಮಾನಿ. ಝಡ್‌ಡಿಫ್3 ಎರಡೂ ಕಡೆ ಒಂದೇ ಆಗಿರುವ ಮೊದಲ ಮತ್ತು ಕೊನೆಯ ಸಾಲುಗಳನ್ನು ಹೊರಗೆ ಹಾಕಿ ಜಗಳದ ಜಾಗವನ್ನು ಚಿಕ್ಕದು ಮಾಡುತ್ತದೆ. ನಿಮ್ಮ ಗಿಟ್ ಹಳೆಯದಿದ್ದರೆ ಡಿಫ್3 ಸಾಕು. ಇದು ಯಾಕೆ ಮೊದಲಿನಿಂದಲೇ ಆನ್ ಆಗಿರುವುದಿಲ್ಲ ಅಂತ ನಮಗೆ ಇವತ್ತಿಗೂ ಅಚ್ಚರಿ.

ಇನ್ನು ಬಾಯಿ ಮುಚ್ಚಿಸುವ ಸೆಟ್ಟಿಂಗ್‌ಗಳು. ಗಿಟ್‌ನಲ್ಲಿ ‘ಅವರ್ಸ್’ ಅಂದರೆ ‘ನಮ್ಮದೇ’ ಅನ್ನುವ ಹೆಸರಿನ ಎರಡು ಬೇರೆ ವಸ್ತುಗಳಿವೆ, ಗೊಂದಲಕ್ಕೆ ಬೇಕಾದಷ್ಟು ಜಾಗ. ದೊಡ್ಡಕ್ಷರದ ಎಕ್ಸ್ ಜೊತೆ ಅವರ್ಸ್ ಕೊಟ್ಟರೆ ಮರ್ಜ್ ಎಂದಿನ ಹಾಗೇ ನಡೆಯುತ್ತದೆ. ಕಾನ್‌ಫ್ಲಿಕ್ಟ್ ಬಂದ ತುಂಡುಗಳಲ್ಲಿ ಮಾತ್ರ ಕೇಳದೆ ನಮ್ಮದನ್ನು ಇಟ್ಟುಕೊಳ್ಳುತ್ತದೆ. ಸಣ್ಣಕ್ಷರದ ಎಸ್ ಜೊತೆ ಅವರ್ಸ್ ಕೊಟ್ಟರೆ ಅವರ ಕವಲಿನಿಂದ ಒಂದು ಅಕ್ಷರವನ್ನೂ ತೆಗೆದುಕೊಳ್ಳುವುದಿಲ್ಲ. ಕಾನ್‌ಫ್ಲಿಕ್ಟ್ ಇರಲಿ ಬಿಡಲಿ, ಅವರು ಬರೆದದ್ದೆಲ್ಲ ಬಿಟ್ಟು, ‘ಕೂಡಿಸಿದೆ’ ಅಂತ ಮಾತ್ರ ಇತಿಹಾಸದಲ್ಲಿ ಬರೆದುಕೊಳ್ಳುತ್ತದೆ. ಕೆ.ಆರ್.ಪೇಟೆಯ ಗೆಳೆಯ ಕಿಕ್ಕೇರಿ, ಅಕ್ಕಿಹೆಬ್ಬಾಳು, ಹೊಸಹೊಳಲು ಸುತ್ತಿ ಒಂದು ತಿಂಗಳು ಬರೆದ ಟಿಪ್ಪಣಿ ಹೀಗೆ ಒಂದು ಅಕ್ಷರದ ಆಯ್ಕೆಯಲ್ಲಿ ಹೋಗಬಹುದು. ಅದಕ್ಕಿಂತ ಕೆಟ್ಟದ್ದು ಆಮೇಲೆ. ಅವನು ‘ನನ್ನದು ಕಾಣುತ್ತಿಲ್ಲ, ಮತ್ತೆ ಮರ್ಜ್ ಮಾಡಿ’ ಅಂದರೆ ಗಿಟ್ ‘ಆಗಲೇ ಕೂಡಿಸಿ ಆಗಿದೆ’ ಅನ್ನುತ್ತದೆ. ಅದರ ಲೆಕ್ಕದಲ್ಲಿ ಆ ಕವಲು ಆಗಲೇ ಸಂಗಮ ದಾಟಿದೆ.

ನಾವೂ ಒಮ್ಮೆ ಇಂಥದರಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ಒಂದು ಲೇಖನದ ಕರಡು ತಿದ್ದುವಾಗ, ತಡರಾತ್ರಿ, ಕಾನ್‌ಫ್ಲಿಕ್ಟ್ ನೋಡಿ ಬೇಸತ್ತು ದೊಡ್ಡಕ್ಷರದ ಎಕ್ಸ್ ಆಯ್ಕೆ ಒತ್ತಿ ಮಲಗಿದೆವು. ಗೆಳೆಯರೊಬ್ಬರು ಮಾಡಿದ್ದ ಅಂಕಿಗಳ ತಿದ್ದುಪಡಿ ಅದರಲ್ಲಿ ಹೋಯಿತು, ಕಾಗುಣಿತದ ತಿದ್ದುಪಡಿ ಮಾತ್ರ ಉಳಿಯಿತು. ತಪ್ಪು ಅಂಕಿ ಹೊರಗೆ ಹೋದ ಮೇಲೆ ಓದುಗರೊಬ್ಬರು ತೋರಿಸಿಕೊಟ್ಟರು. ಗಿಟ್ ಏನನ್ನೂ ಅಳಿಸಿರಲಿಲ್ಲ ನಿಜ, ಹಳೆಯ ಕಮಿಟ್‌ನಲ್ಲಿ ಎಲ್ಲ ಇತ್ತು. ಆದರೆ ಹುಡುಕಬೇಕು ಅಂತ ಗೊತ್ತಿದ್ದವರು ಮಾತ್ರ ಹುಡುಕುತ್ತಾರೆ.

ಒಂದು ಸಣ್ಣ ಮಾತು: ಮರ್ಜ್ ಬದಲು ರಿಬೇಸ್ ಮಾಡುವಾಗ ‘ನಮ್ಮದು’ ಮತ್ತು ‘ಅವರದು’ ಅದಲು ಬದಲಾಗುತ್ತವೆ. ರಿಬೇಸ್‌ನಲ್ಲಿ ಗಿಟ್ ಮೊದಲು ಅವರ ಕವಲಿನ ತುದಿಗೆ ಹೋಗಿ ನಿಂತು, ಅದರ ಮೇಲೆ ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಹಚ್ಚುತ್ತದೆ. ಹಾಗಾಗಿ ಅಲ್ಲಿ ‘ನಮ್ಮದು’ ಅಂದರೆ ಅವರದು. ಕಣ್ಣು ಮುಚ್ಚಿ ಅವರ್ಸ್ ಒತ್ತುವವರು ತಮ್ಮ ಕೆಲಸವನ್ನೇ ಕಳೆದುಕೊಳ್ಳುವುದು ಇಲ್ಲಿ.

ಇನ್ನೊಂದು ಜನಪ್ರಿಯ ಆಯ್ಕೆ ‘ಯೂನಿಯನ್’. ಗಿಟ್‌ಆಟ್ರಿಬ್ಯೂಟ್ಸ್ ಅನ್ನುವ ಕಡತದಲ್ಲಿ ಇಂಥ ಕಡತಕ್ಕೆ ಯೂನಿಯನ್ ಮರ್ಜ್ ಅಂತ ಬರೆದಿಟ್ಟರೆ, ಜಗಳ ಬಂದಲ್ಲಿ ಎರಡೂ ಕಡೆಯ ಸಾಲುಗಳನ್ನು ಉಳಿಸಿಕೊಳ್ಳುತ್ತದೆ. ಕೇಳಲು ಬಹಳ ನ್ಯಾಯವಾಗಿದೆ. ನಾಗಮಂಗಲದ ಪಟ್ಟಿಯ ಕೊನೆಗೆ ಒಬ್ಬ ಬೆಳ್ಳೂರು, ಇನ್ನೊಬ್ಬ ಬಿಂಡಿಗನವಿಲೆ ಸೇರಿಸಿದರೆ ಎರಡೂ ಬರುತ್ತವೆ. ಹೊಸ ಸಾಲು ಸೇರುತ್ತಾ ಮಾತ್ರ ಹೋಗುವ, ಕ್ರಮ ಮುಖ್ಯವಲ್ಲದ ಪಟ್ಟಿಗೆ ಇದು ಒಳ್ಳೆಯದೇ. ಆದರೆ ಇದ್ದ ಸಾಲನ್ನು ಇಬ್ಬರು ತಿದ್ದಿದರೆ? ಕೃಷ್ಣರಾಜಪೇಟೆಯ ಹಳೆಯ ಹೆಸರನ್ನು ಒಬ್ಬ ‘ಅತ್ತಿಗುಪ್ಪೆ’ ಅಂತಲೂ ಇನ್ನೊಬ್ಬ ‘ಅತ್ತಿಕುಪ್ಪೆ’ ಅಂತಲೂ ತಿದ್ದಿದರೆ ಪಟ್ಟಿಯಲ್ಲಿ ಕೃಷ್ಣರಾಜಪೇಟೆ ಎರಡು ಸಲ ಬರುತ್ತದೆ, ಯಾರಿಗೂ ತಿಳಿಸದೆ. ಪಟ್ಟಿಯನ್ನು ಎಣಿಸುವವರಿಗೆ ಒಂದು ಊರು ಹೆಚ್ಚಾಯಿತು.

ಇಷ್ಟು ಹೊತ್ತು ಹೇಳಿದ್ದು ಯಾವ ಭಾಷೆಗೂ ಸಲ್ಲುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೆ ಬೇರೆ ತಾಪತ್ರಯಗಳಿವೆ, ಅವುಗಳನ್ನು ಇಂಗ್ಲಿಷ್ ಪಾಠಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಮೊದಲನೆಯದು ಉದ್ದ ಸಾಲು. ಗಿಟ್ ಕೂಡಿಸುವುದು ಸಾಲಿನ ಲೆಕ್ಕದಲ್ಲಿ, ಪದದ ಲೆಕ್ಕದಲ್ಲಲ್ಲ. ಪದದ ಮಟ್ಟದ ವ್ಯತ್ಯಾಸ ತೋರಿಸುವ ಆಯ್ಕೆ ಇದೆ, ಅದು ನೋಡಲು ಮಾತ್ರ. ನಾವು ಒಂದು ಪ್ಯಾರಾ ಮುಗಿಯುವವರೆಗೆ ಎಂಟರ್ ಒತ್ತುವುದಿಲ್ಲ, ಹಾಗಾಗಿ ಹದಿನೈದು ವಾಕ್ಯದ ಪ್ಯಾರಾ ಗಿಟ್ ಕಣ್ಣಿಗೆ ಒಂದೇ ಸಾಲು. ಮೊದಲ ವಾಕ್ಯದಲ್ಲಿ ಒಬ್ಬರು ಕೊಂಬು ಸರಿಮಾಡಿ, ಕೊನೆಯದರಲ್ಲಿ ಇನ್ನೊಬ್ಬರು ಇಸವಿ ಸರಿಮಾಡಿದರೆ ಇಡೀ ಪ್ಯಾರಾ ಕಾನ್‌ಫ್ಲಿಕ್ಟ್. ಇದಕ್ಕೆ ಮದ್ದು ಸೆಟ್ಟಿಂಗ್ ಅಲ್ಲ, ಅಭ್ಯಾಸ: ವಾಕ್ಯಕ್ಕೊಂದು ಸಾಲು ಬರೆಯಿರಿ. ಮಾರ್ಕ್‌ಡೌನ್‌ನಂಥ ವಿಧಾನದಲ್ಲಿ ಬರೆದರೆ ಓದುವಾಗ ಅವು ತಾವೇ ಒಂದೇ ಪ್ಯಾರಾ ಆಗಿ ಕೂಡಿಕೊಳ್ಳುತ್ತವೆ. ವರ್ಡ್ ಕಡತಗಳನ್ನು ಗಿಟ್‌ಗೆ ಹಾಕುವವರಿಗೆ ಈ ಭಾಗ್ಯವೂ ಇಲ್ಲ. ಅವುಗಳ ಒಳಗೆ ಸಾಲೇ ಕಾಣುವುದಿಲ್ಲ, ಇಡೀ ಕಡತ ಅವರದೋ ನಮ್ಮದೋ ಅಷ್ಟೇ.

ಎರಡನೆಯದು ಕಣ್ಣಿಗೆ ಕಾಣದ ವ್ಯತ್ಯಾಸ. ‘ಕೊ’ ಅನ್ನುವಲ್ಲಿ ‘ಒ’ ಸ್ವರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ‘ಎ’ ಮತ್ತು ‘ಊ’ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಗಿಟ್‌ಗೆ ಬೇರೆ ಬೇರೆ ಬೈಟ್‌ಗಳು, ಆದ್ದರಿಂದ ಬೇರೆ ಸಾಲುಗಳು. ಅರ್ಕಾವೊತ್ತು ಬೇಡದ ಕಡೆ, ಅರ್ಧಾಕ್ಷರ ಬೇಕಾದ ಕಡೆ ಹಾಕುವ ಕಾಣದ ಜೋಡುಗುರುತುಗಳದ್ದೂ ಇದೇ ಕಥೆ. ಖಾಲಿ ಜಾಗದ ವ್ಯತ್ಯಾಸವನ್ನು ಕಡೆಗಣಿಸಲು ಮರ್ಜ್‌ಗೆ ಆಯ್ಕೆಗಳಿವೆ, ಆದರೆ ಅವು ಈ ಗುರುತುಗಳನ್ನು ಖಾಲಿ ಜಾಗ ಅಂತ ಎಣಿಸುವುದಿಲ್ಲ. ಎರಡೂ ಕಡೆ ಅಕ್ಷರಶಃ ಒಂದೇ ಆಗಿ ಕಾಣುವ ಕಾನ್‌ಫ್ಲಿಕ್ಟ್ ಬಂದರೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ, ಕೀಬೋರ್ಡ್ ಬೇರೆ ಬೇರೆ ಇರುತ್ತದೆ.

ಮೂರನೆಯದು ಹಳೆಯ ಫಾಂಟುಗಳ ಬಳುವಳಿ. ನುಡಿ, ಬರಹಗಳ ಹಳೆಯ ವಿಧಾನದಲ್ಲಿ ಟೈಪ್ ಮಾಡಿದ ಕಡತಗಳು ಇನ್ನೂ ಬೇಕಾದಷ್ಟಿವೆ. ಅವುಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಅಂಗಿ. ಒಬ್ಬ ಪುಣ್ಯಾತ್ಮ ತನ್ನ ಕವಲಿನಲ್ಲಿ ಇಡೀ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸಿದರೆ ಪ್ರತಿ ಸಾಲೂ ಬದಲಾದಂತೆ. ಇನ್ನೊಬ್ಬರು ಅದೇ ಹೊತ್ತಿಗೆ ಮುಟ್ಟಿದ ಪ್ರತಿ ಸಾಲೂ ಕಾನ್‌ಫ್ಲಿಕ್ಟ್. ವಿಂಡೋಸ್ ಮತ್ತು ಲಿನಕ್ಸ್ ಸಾಲಿನ ಕೊನೆಯನ್ನು ಬೇರೆ ಬೇರೆ ಗುರುತಿನಿಂದ ಬರೆಯುವುದರಿಂದಲೂ ಇದೇ ಆಗುತ್ತದೆ. ಮರ್ಜ್.ರಿನಾರ್ಮಲೈಸ್ ಎಂಬ ಸೆಟ್ಟಿಂಗ್ ಇರುವುದು ಇದಕ್ಕೇ. ಅದನ್ನು ಆನ್ ಮಾಡಿದರೆ ಗಿಟ್ ಹೋಲಿಸುವ ಮೊದಲು ಮೂರೂ ಪ್ರತಿಗಳನ್ನು ಒಂದೇ ರೂಪಕ್ಕೆ ತರುತ್ತದೆ. ಸಾಲಿನ ಕೊನೆಯ ಗುರುತನ್ನು ಅದು ತಾನೇ ನೋಡಿಕೊಳ್ಳುತ್ತದೆ. ಫಾಂಟಿನ ಪರಿವರ್ತನೆಗೆ ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ಫಿಲ್ಟರ್ ಹೆಸರಿಸಿ, ಪರಿವರ್ತಕ ಪ್ರೋಗ್ರಾಮನ್ನು ನಾವೇ ಕೊಡಬೇಕು. ಅಷ್ಟು ಶ್ರಮ ಬೇಡವೆಂದರೆ ಸುಲಭದ ದಾರಿ: ಎಲ್ಲರ ಕೆಲಸವೂ ಕೂಡಿದ ಮೇಲೆ, ಒಂದೇ ದಿನ, ಒಬ್ಬರೇ ಪರಿವರ್ತನೆ ಮಾಡುವುದು.

ಕಡತಗಳಿಗೆ ಕನ್ನಡದಲ್ಲೇ ಹೆಸರಿಟ್ಟವರಿಗೆ ಇನ್ನೊಂದು ಕಿರಿಕಿರಿ. ಯಾವ ಕಡತದಲ್ಲಿ ಕಾನ್‌ಫ್ಲಿಕ್ಟ್ ಇದೆ ಅಂತ ಕೇಳಿದರೆ ಗಿಟ್ ‘340, 262’ ಅಂತ ಶುರುವಾಗುವ ಸಂಖ್ಯೆಗಳ ಸರಮಾಲೆ ಉಗುಳುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಅವುಗಳನ್ನು ಅದು ಅಂಕಿಯಾಗಿ ಬರೆಯುತ್ತಿದೆ. ಕೋರ್.ಕೋಟ್‌ಪಾತ್ ಎಂಬುದನ್ನು ‘ಫಾಲ್ಸ್’ ಮಾಡಿದರೆ ‘ನಾಗಮಂಗಲ’ ನಾಗಮಂಗಲವಾಗಿಯೇ ಕಾಣುತ್ತದೆ.

ಹೆಸರು ಬದಲಾವಣೆಯ ವಿಷಯದಲ್ಲಿ ಗಿಟ್ ಪರವಾಗಿಲ್ಲ. ಒಬ್ಬ ‘ಅತ್ತಿಗುಪ್ಪೆ’ ಎಂಬ ಕಡತದ ಹೆಸರನ್ನು ‘ಕೃಷ್ಣರಾಜಪೇಟೆ’ ಮಾಡಿ, ಇನ್ನೊಬ್ಬ ಹಳೆಯ ಹೆಸರಿನ ಕಡತದಲ್ಲೇ ಬರೆಯುತ್ತಿದ್ದರೆ, ಎರಡರ ಒಳಗಿನ ಬರಹ ಅರ್ಧಕ್ಕಿಂತ ಹೆಚ್ಚು ಹೋಲುತ್ತಿದ್ದರೆ ಅದೇ ಕಡತ ಅಂತ ಊಹಿಸಿ ಕೂಡಿಸುತ್ತದೆ. 2021ರ ನವೆಂಬರ್‌ನಲ್ಲಿ ಬಂದ ಗಿಟ್ 2.34ರಿಂದ ಎಲಾಯ್ಜಾ ನ್ಯೂರೆನ್ ಬರೆದ ‘ಆರ್ಟ್’ ಎಂಬ ಹೊಸ ವಿಧಾನವೇ ಮಾಮೂಲು, ಹೆಸರು ಬದಲಾದ ಕಡತಗಳು ಹೆಚ್ಚಿದ್ದಾಗ ಹಿಂದಿನದಕ್ಕಿಂತ ಬಹಳ ವೇಗ. ಆದರೆ ಹೆಸರನ್ನೂ ಬದಲಾಯಿಸಿ ಒಳಗಿನದ್ದನ್ನೂ ತಿರುವಿ ಹಾಕಿದರೆ ಅದಕ್ಕೂ ಗುರುತು ಸಿಗುವುದಿಲ್ಲ. ಹೆಸರು ಬದಲಾವಣೆಯನ್ನು ಬೇರೆಯಾಗಿ ಮರ್ಜ್ ಮಾಡಿ ಮುಗಿಸಿ, ಆಮೇಲೆ ತಿದ್ದುವುದು ಒಳ್ಳೆಯದು.

ನಮ್ಮ ನಾಲ್ವರು ಗೆಳೆಯರು ಇದನ್ನೆಲ್ಲ ಓದಿ ಸೆಟ್ಟಿಂಗ್ ಮಾಡಿಕೊಂಡರು ಅನ್ನಿ. ಆಗಲೂ ಒಂದು ಗುಂಡಿ ಉಳಿದಿದೆ. ಗಿಟ್‌ನ ಸೆಟ್ಟಿಂಗ್‌ಗಳು ಅವರವರ ಕಂಪ್ಯೂಟರಿನಲ್ಲಿ ಇರುತ್ತವೆ, ಕಡತಗಳ ಜೊತೆ ಪ್ರಯಾಣ ಮಾಡುವುದಿಲ್ಲ. ಜೊತೆಗೆ ಹೋಗುವುದು ಗಿಟ್‌ಆಟ್ರಿಬ್ಯೂಟ್ಸ್ ಕಡತ ಒಂದೇ. ಅದರಲ್ಲಿ ‘ಈ ಕಡತಕ್ಕೆ ಇಂಥ ಡ್ರೈವರ್‌ನಿಂದ ಮರ್ಜ್ ಮಾಡು’ ಅಂತ ಹೆಸರು ಬರೆಯಬಹುದು, ಆ ಡ್ರೈವರ್ ಅಂದರೆ ಯಾವ ಪ್ರೋಗ್ರಾಮ್ ಅನ್ನುವುದನ್ನು ಪ್ರತಿಯೊಬ್ಬರೂ ತಂತಮ್ಮ ಸೆಟ್ಟಿಂಗ್‌ನಲ್ಲಿ ಹೇಳಬೇಕು. ಹೇಳದವರ ಕಂಪ್ಯೂಟರಿನಲ್ಲಿ ಗಿಟ್ ಸುಮ್ಮನೆ ಮಾಮೂಲು ಮರ್ಜ್ ಮಾಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಗಿಟ್‌ಹಬ್‌ನಂಥ ತಾಣದಲ್ಲಿ ಮರ್ಜ್ ಬಟನ್ ಒತ್ತಿದಾಗಲೂ ನಿಮ್ಮ ಸ್ವಂತ ಡ್ರೈವರ್ ಓಡುವುದಿಲ್ಲ. ಹೀಗಾಗಿ ಅದೇ ಎರಡು ಕವಲುಗಳನ್ನು ಶ್ರೀರಂಗಪಟ್ಟಣದಲ್ಲಿ ಕೂಡಿಸಿದರೆ ಒಂದು ಫಲ, ನಾಗಮಂಗಲದಲ್ಲಿ ಕೂಡಿಸಿದರೆ ಇನ್ನೊಂದು.

ಉಳಿದ ಎರಡು ಸೆಟ್ಟಿಂಗ್‌ಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಪುಲ್ ಮಾಡಿದಾಗ ಎರಡು ಕವಲು ಬೇರೆಯಾಗಿದ್ದರೆ ಮರ್ಜ್ ಮಾಡಬೇಕೋ ರಿಬೇಸ್ ಮಾಡಬೇಕೋ ಅಂತ 2021ರ ಗಿಟ್ 2.33ರಿಂದ ಅದು ಕೇಳಿ ನಿಂತುಬಿಡುತ್ತದೆ. ಪುಲ್.ಎಫ್‌ಎಫ್ ಅನ್ನು ‘ಓನ್ಲಿ’ ಮಾಡಿಡಿ. ಸುಮ್ಮನೆ ಮುಂದಕ್ಕೆ ಸರಿಯಬಹುದಾದರೆ ಸರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ, ನೀವು ನೋಡಿ ತೀರ್ಮಾನಿಸಬಹುದು. ಇನ್ನೊಂದು ರೆರೆರೆ, ಹೌದು, ಹೆಸರೇ ಹಾಗೆ. ನೀವು ಒಂದು ಕಾನ್‌ಫ್ಲಿಕ್ಟನ್ನು ಹೇಗೆ ಬಗೆಹರಿಸಿದಿರಿ ಅಂತ ನೆನಪಿಟ್ಟುಕೊಂಡು ಮುಂದಿನ ಸಲ ಅದೇ ಬಂದರೆ ಹಾಗೇ ಬಗೆಹರಿಸುತ್ತದೆ. ತಪ್ಪಾಗಿ ಬಗೆಹರಿಸಿದ್ದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ನೆನಪಿಟ್ಟುಕೊಳ್ಳುತ್ತದೆ. ಮರೆಸಲು ‘ರೆರೆರೆ ಫರ್ಗೆಟ್’ ಎಂಬ ಆಜ್ಞೆ ಇದೆ.

ನಿಮ್ಮ ಕಂಪ್ಯೂಟರಿನಲ್ಲಿ ಈಗ ಯಾವ ಸೆಟ್ಟಿಂಗ್ ಇದೆ ಅಂತ ನೋಡಲು ಗಿಟ್ ಕಾನ್ಫಿಗ್ ಆಜ್ಞೆಗೆ ‘ಲಿಸ್ಟ್’ ಮತ್ತು ‘ಶೋ-ಆರಿಜಿನ್’ ಆಯ್ಕೆ ಕೊಡಿ. ಪ್ರತಿ ಸೆಟ್ಟಿಂಗ್ ಯಾವ ಕಡತದಿಂದ ಬಂತು ಅನ್ನುವುದೂ ಕಾಣುತ್ತದೆ. ಒಟ್ಟಿಗೆ ಕೆಲಸ ಮಾಡುವ ಎಲ್ಲರೂ ಒಮ್ಮೆ ಈ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಳೆಯ ಮರ್ಜ್ ಒಂದರಲ್ಲಿ ಯಾರದ್ದಾದರೂ ಕೆಲಸ ಮುಳುಗಿದೆಯೇ ಅನ್ನುವ ಅನುಮಾನವಿದ್ದರೆ, ಆ ಮರ್ಜ್ ಕಮಿಟ್‌ಗೆ ‘ಗ��ಟ್ ಶೋ’ ಕೊಟ್ಟು ಜೊತೆಗೆ ‘ರಿಮರ್ಜ್-ಡಿಫ್’ ಆಯ್ಕೆ ಸೇರಿಸಿ. 2022ರಿಂದೀಚೆಗಿನ ಗಿಟ್‌ನಲ್ಲಿ ಇದು ಸಿಗುತ್ತದೆ. ಗಿಟ್ ಆ ಮರ್ಜನ್ನು ತಾನೇ ಹೊಸದಾಗಿ ಮಾಡಿ ನೋಡಿ, ಅದಕ್ಕೂ ಅಂದು ಉಳಿಸಿಕೊಂಡದ್ದಕ್ಕೂ ಇರುವ ವ್ಯತ್ಯಾಸವನ್ನು ತೋರಿಸುತ್ತದೆ. ಕೆ.ಆರ್.ಪೇಟೆಯವನ ಒಂದು ತಿಂಗಳ ಟಿಪ್ಪಣಿ ಹೋಗಿದ್ದರೆ ಅಲ್ಲಿ ಕಾಣುತ್ತದೆ.